ಮೌನಕ್ಕೂ ಕಾನೂನು ಬೇಕು: ಮಿನ್ನೆಸೋಟಾದ ಬೌಂಡರಿ ವಾಟರ್ಸ್ ಕಾಡು

ಅಮೆರಿಕದ ಮಿನ್ನೆಸೋಟಾ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡಂತೆ ಒಂದು ಕಾಡಿದೆ. ಅದರ ಮೇಲೆ ವಿಮಾನಗಳು ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಹಾರುವಂತಿಲ್ಲ. 1949ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಹಾಗಂತ ಆದೇಶ ಹೊರಡಿಸಿದರು. ಅಲ್ಲೇನು ಗುಟ್ಟಿನ ಸೇನಾನೆಲೆ ಇತ್ತಾ? ಇಲ್ಲ. ಇದ್ದದ್ದು ಕೆರೆ, ಬಂಡೆ, ಪೈನ್ ಮರ, ಮೀನು. ತೊಂದರೆ ಏನಾಗಿತ್ತು ಅಂದ್ರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು ಜಾಸ್ತಿಯಾದವು. ಮೀನು ಹಿಡಿಯುವ ಗಿರಾಕಿಗಳನ್ನು ಕಾಡಿನ ನಟ್ಟನಡುವಿನ ರೆಸಾರ್ಟ್‌ಗಳಿಗೆ ಹೊತ್ತು ತರುವ ವ್ಯಾಪಾರ ಜೋರಾಯಿತು. ಎರಡು ದಿನ ಹುಟ್ಟು ಹಾಕಿ, ದೋಣಿ ಹೆಗಲಿಗೇರಿಸಿಕೊಂಡು ನಡೆದು ಅಲ್ಲಿಗೆ ಮುಟ್ಟಿದವನ ಪಕ್ಕದಲ್ಲೇ ವಿಮಾನವೊಂದು ಗುರ್ ಅನ್ನುತ್ತಾ ಬಂದು ಇಳಿಯುತ್ತಿತ್ತು.

ಇವತ್ತು ಆ ಕಾಡಿಗೆ ಹೋದವರೆಲ್ಲ ಮೊದಲು ಹೇಳುವುದು ಅಲ್ಲಿನ ನಿಶ್ಶಬ್ದದ ಬಗ್ಗೆ. ‘ಮನುಷ್ಯ ಇನ್ನೂ ಮುಟ್ಟದ ಜಾಗ’ ಅಂತ ಪ್ರವಾಸದ ಜಾಹೀರಾತುಗಳು ಬರೆಯುತ್ತವೆ. ಆ ಮಾತು ಸುಳ್ಳು. ಮನುಷ್ಯ ಚೆನ್ನಾಗಿಯೇ ಮುಟ್ಟಿದ ಜಾಗ ಅದು. ಮರ ಕಡಿದರು, ಅಣೆಕಟ್ಟು ಕಟ್ಟಹೊರಟರು, ರೆಸಾರ್ಟ್ ಮಾಡಿದರು, ವಿಮಾನ ಇಳಿಸಿದರು. ಆಮೇಲೆ ಒಂದೊಂದನ್ನೇ ಜಗಳ ಮಾಡಿ ಹೊರಗೆ ಕಳಿಸಿದರು. ಅಲ್ಲಿನ ಮೌನ ತಾನಾಗಿ ಉಳಿದದ್ದಲ್ಲ, ನಿಯಮದ ಮೇಲೆ ನಿಯಮ ಪೇರಿಸಿ ಕಟ್ಟಿದ್ದು. ಅದನ್ನು ಹೇಗೆ ಕಟ್ಟಿದರು, ಇವತ್ತು ದಿನನಿತ್ಯ ಅದು ಹೇಗೆ ನಡೆಯುತ್ತದೆ ಅನ್ನೋದು ಈ ಲೇಖನದ ವಿಷಯ.

ಪಾರ್ಕ್ ಅಲ್ಲ, ಫಾರೆಸ್ಟ್

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಮೆರಿಕದಲ್ಲಿ ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕ್‌ಗಳು ಒಳಾಡಳಿತ ಇಲಾಖೆಯ ಕೈಯಲ್ಲಿವೆ. ಅಲ್ಲಿ ಮುಖ್ಯವಾದದ್ದು ಇದ್ದದ್ದನ್ನು ಇದ್ದಹಾಗೆ ಕಾಪಾಡುವುದು. ಫಾರೆಸ್ಟ್‌ಗಳು ಕೃಷಿ ಇಲಾಖೆಗೆ ಸೇರಿವೆ. ಕೃಷಿ ಇಲಾಖೆ ಯಾಕೆ ಅಂದ್ರೆ, ಕಾಡನ್ನೂ ಒಂದು ಬೆಳೆ ಅಂತ ನೋಡಿದ ಕಾಲದಲ್ಲಿ ಹುಟ್ಟಿದ ವ್ಯವಸ್ಥೆ ಅದು. 1960ರ ಕಾನೂನೊಂದು ಇದನ್ನು ಬಿಚ್ಚಿ ಹೇಳುತ್ತದೆ: ನ್ಯಾಷನಲ್ ಫಾರೆಸ್ಟ್ ಅನ್ನೋದು ವಿಹಾರ, ಮೇವು, ಮರ, ನೀರು, ವನ್ಯಜೀವಿ ಮತ್ತು ಮೀನು, ಇವೆಲ್ಲಕ್ಕೂ ಉಪಯೋಗವಾಗಬೇಕು. ಅಂದರೆ ಮರ ಕಡಿಯುವ ಲಾರಿ, ಬೇಟೆಗಾರ, ಟೆಂಟ್ ಹಾಕುವ ಸಂಸಾರ, ಎಲ್ಲರಿಗೂ ಅಲ್ಲಿ ಜಾಗ ಇದೆ.

ನಾವು ಮಾತಾಡುತ್ತಿರುವ ಕಾಡಿನ ಹೆಸರು ಸುಪೀರಿಯರ್ ನ್ಯಾಷನಲ್ ಫಾರೆಸ್ಟ್. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಘೋಷಿಸಿದ್ದು. ಅದರ ಒಳಗೆ, ಗಡಿಯುದ್ದಕ್ಕೂ ಸುಮಾರು 150 ಮೈಲಿ ಹಬ್ಬಿದ ಒಂದು ಭಾಗಕ್ಕೆ ಮಾತ್ರ ಬೇರೆ ಕಟ್ಟುಪಾಡು. ಅದೇ ಬೌಂಡರಿ ವಾಟರ್ಸ್ ಕನೂ ಏರಿಯಾ ವೈಲ್ಡರ್‌ನೆಸ್. ಹೆಸರು ಉದ್ದ, ಹಾಗಾಗಿ ಎಲ್ಲರೂ ಬೌಂಡರಿ ವಾಟರ್ಸ್ ಅಂತಲೇ ಕರೆಯುತ್ತಾರೆ. ಸುಮಾರು 11 ಲಕ್ಷ ಎಕರೆ. ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ದೊಡ್ಡದು ಅನ್ನಿ. ಒಳಗೆ ಸಾವಿರಕ್ಕೂ ಜಾಸ್ತಿ ಕೆರೆಗಳು, 1,200 ಮೈಲಿಗೂ ಮೀರಿದ ಕನೂ ದಾರಿಗಳು. ಕನೂ ಅಂದರೆ ಎರಡೂ ತುದಿ ಚೂಪಾದ, ಹಗುರವಾದ, ಇಬ್ಬರು ಮೂವರು ಕೂರುವ ಕಿರಿದಾದ ದೋಣಿ.

ಈ ಗೆರೆಯ ಆಚೆಗೂ ಸುಪೀರಿಯರ್ ಕಾಡೇ ಇದೆ. ಅಲ್ಲಿ ಕಾರು ನಿಲ್ಲಿಸಿ ಟೆಂಟ್ ಹಾಕಬಹುದು, ಚಳಿಗಾಲದಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಓಡಿಸಬಹುದು. ಗೆರೆ ದಾಟಿದರೆ ಆಟದ ನಿಯಮವೇ ಬೇರೆ.

ಇಷ್ಟೊಂದು ಕೆರೆ ಎಲ್ಲಿಂದ ಬಂತು

ಇಲ್ಲಿನ ಬಂಡೆ ಕೆನಡಿಯನ್ ಶೀಲ್ಡ್ ಅನ್ನುವ ಪುರಾತನ ಶಿಲಾಹಾಸಿನ ತುಂಡು. ಈಲಿ ಅನ್ನುವ ಪುಟ್ಟ ಊರಿನ ಸುತ್ತ ಕಾಣುವ ಹಸಿರು ಬಂಡೆಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಅದರ ಮೇಲೆ ಹಿಮಗಡ್ಡೆಯ ಭಾರೀ ಹಾಸುಗಳು ಮತ್ತೆ ಮತ್ತೆ ಜಾರಿದವು. ಮೇಲಿನ ಮಣ್ಣನ್ನೆಲ್ಲ ಕೆರೆದು ತೆಗೆದವು, ಮೆದು ಬಂಡೆಯನ್ನು ತೋಡಿದವು, ಗಟ್ಟಿ ಬಂಡೆಯನ್ನು ನುಣುಪಾಗಿಸಿ ಬಿಟ್ಟವು. ಹತ್ತು ಸಾವಿರ ವರ್ಷಕ್ಕೂ ಹಿಂದೆ ಹಿಮ ಕರಗಿ ಹಿಂದೆ ಸರಿದಾಗ, ತೋಡಿದ ಗುಂಡಿಗಳಲ್ಲಿ ನೀರು ನಿಂತಿತು. ಇಂಗೋಣ ಅಂದರೆ ಕೆಳಗೆ ಬರೀ ಬಂಡೆ.

ಹಾಗಾಗಿ ಈ ನಾಡಿನಲ್ಲಿ ನೆಲಕ್ಕಿಂತ ನೀರೇ ಒಳ್ಳೆಯ ರಸ್ತೆ. ಒಂದು ಕೆರೆಯಿಂದ ಪಕ್ಕದ ಕೆರೆಗೆ ಕೆಲವೊಮ್ಮೆ ಸಣ್ಣ ತೊರೆ, ಕೆಲವೊಮ್ಮೆ ಜಲಪಾತ, ಕೆಲವೊಮ್ಮೆ ಏನೂ ಇಲ್ಲ, ನಡುವೆ ಗುಡ್ಡ ಮಾತ್ರ. ಹರಿಯುವ ನೀರು ದೋಣಿಗೆ ಆಗದ ಕಡೆ ದೋಣಿಯನ್ನೇ ಹೊತ್ತು ನಡೆಯಬೇಕು. ಆ ಕಾಲುದಾರಿಗೆ ಪೋರ್ಟೇಜ್ ಅಂತ ಹೆಸರು. ಇವುಗಳಲ್ಲಿ ಎಷ್ಟೋ ದಾರಿಗಳನ್ನು ತುಳಿದು ಮಾಡಿದವರು ಈ ನೆಲದ ಮೂಲನಿವಾಸಿಗಳು. ಅನಿಶಿನಾಬೆ ಜನ, ಓಜಿಬ್ವೆ ಅಂತಲೂ ಕರೆಯುತ್ತಾರೆ, ಬರ್ಚ್ ಮರದ ತೊಗಟೆಯಲ್ಲಿ ಕನೂ ಕಟ್ಟಿಕೊಂಡು ಇಲ್ಲಿ ಓಡಾಡಿದರು. ಆಮೇಲೆ ತುಪ್ಪಳದ ವ್ಯಾಪಾರದ ಕಾಲದಲ್ಲಿ ಫ್ರೆಂಚ್ ಮಾತಿನ ದೋಣಿ ಕೂಲಿಗಳು ಅದೇ ದೋಣಿ, ಅದೇ ದಾರಿ ಹಿಡಿದರು. 90 ಪೌಂಡಿನ ಮೂಟೆ ಅವರಿಗೆ ಒಂದು ಹೊರೆ. ಬಹಳಷ್ಟು ಜನ ಒಟ್ಟಿಗೆ ಎರಡು ಹೊರುತ್ತಿದ್ದರು, ಅಂದರೆ 80 ಕಿಲೋಗೂ ಮೇಲೆ.

ಪೋರ್ಟೇಜ್ ಉದ್ದವನ್ನು ಇಲ್ಲಿ ಇವತ್ತಿಗೂ ಮೀಟರಿನಲ್ಲಿ ಅಳೆಯುವುದಿಲ್ಲ, ಮೈಲಿಯಲ್ಲೂ ಅಲ್ಲ. ರಾಡ್ ಅನ್ನುವ ಹಳೇ ಅಳತೆಯಲ್ಲಿ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಸುಮಾರಾಗಿ ಒಂದು ಕನೂವಿನ ಉದ್ದ. 320 ರಾಡ್‌ಗೆ ಒಂದು ಮೈಲಿ. ನಕ್ಷೆಯಲ್ಲಿ ಎರಡು ಕೆರೆಗಳ ನಡುವೆ ಸಣ್ಣ ಗೆರೆ, ಪಕ್ಕದಲ್ಲಿ 40 ಅಂತಲೋ 180 ಅಂತಲೋ ಬರೆದಿರುತ್ತದೆ. 40 ಅಂದರೆ ಇನ್ನೂರು ಮೀಟರ್, ನಗುನಗುತ್ತಾ ದಾಟಬಹುದು. 180 ಅಂದರೆ ಮುಕ್ಕಾಲು ಪಾಲು ಜನ ಮೊದಲು ಕೂತು ಏನಾದರೂ ತಿನ್ನುತ್ತಾರೆ.

ನೂರು ವರ್ಷದ ಜಗಳ

1919ರಲ್ಲಿ ಅರಣ್ಯ ಸೇವೆ ಆರ್ಥರ್ ಕಾರ್‌ಹಾರ್ಟ್ ಅನ್ನುವ ಯುವ ಭೂದೃಶ್ಯ ವಿನ್ಯಾಸಕಾರನನ್ನು ಕೆಲಸಕ್ಕೆ ತೆಗೆದುಕೊಂಡಿತು. ಈ ಕಾಡಿನಲ್ಲಿ ವಿಹಾರಕ್ಕೆ ಏನು ಮಾಡಬಹುದು ನೋಡಿ ಬಾ ಅಂತ ಕಳಿಸಿತು. ಆಗ ಅಮೆರಿಕದಲ್ಲಿ ಮೋಟಾರು ಕಾರಿನ ಹುಚ್ಚು. ಎಲ್ಲ ಕಡೆ ರಸ್ತೆ ಮಾಡಿ, ಕೆರೆ ದಂಡೆಗೆ ಹೋಟೆಲು ತನ್ನಿ ಅನ್ನುವ ಕಾಲ. ಕಾರ್‌ಹಾರ್ಟ್ ಕೊಟ್ಟ ಸಲಹೆ ಅದಕ್ಕೆ ತದ್ವಿರುದ್ಧ: ಇಲ್ಲಿ ರಸ್ತೆಯೇ ಬೇಡ, ನೀರಿನ ಮೇಲೇ ಓಡಾಡಲಿ. 1926ರಲ್ಲಿ ಕೃಷಿ ಕಾರ್ಯದರ್ಶಿ ವಿಲಿಯಂ ಜಾರ್ಡೈನ್ 6,40,000 ಎಕರೆಯನ್ನು ರಸ್ತೆಯಿಲ್ಲದ ಪ್ರದೇಶವಾಗಿ ತೆಗೆದಿಟ್ಟರು.

ಅದೇ ಹೊತ್ತಿಗೆ ಎಡ್ವರ್ಡ್ ಬ್ಯಾಕಸ್ ಅನ್ನುವ ಮರ ಮತ್ತು ಕಾಗದದ ದೊಡ್ಡ ಉದ್ಯಮಿ ಗಡಿ ಕೆರೆಗಳಿಗೆ ಸಾಲು ಅಣೆಕಟ್ಟು ಕಟ್ಟುವ ಯೋಜನೆ ಮುಂದಿಟ್ಟರು. ವಿದ್ಯುತ್ ಸಿಗುತ್ತಿತ್ತು, ನಿಜ. ಆದರೆ ನೀರಿನ ಮಟ್ಟ ಏರಿ ದಂಡೆ, ದ್ವೀಪ, ಜಲಪಾತ ಎಲ್ಲ ಮುಳುಗುತ್ತಿದ್ದವು. ಅರ್ನೆಸ್ಟ್ ಓಬರ್‌ಹೋಲ್ಟ್ಸರ್ ಅನ್ನುವವರು ರೈನಿ ಸರೋವರದ ಪುಟ್ಟ ದ್ವೀಪವೊಂದರಲ್ಲಿ ವಾಸವಿದ್ದರು. ಕನೂ ಹತ್ತಿ ಈ ಸೀಮೆಯೆಲ್ಲ ಸುತ್ತಿದ ಮನುಷ್ಯ. ಈ ಯೋಜನೆಯ ವಿರುದ್ಧ ವರ್ಷಗಟ್ಟಲೆ ಓಡಾಡಿದರು. 1930ರಲ್ಲಿ ಶಿಪ್‌ಸ್ಟೆಡ್–ನ್ಯೂಟನ್–ನೋಲನ್ ಕಾಯ್ದೆ ಬಂತು. ದಂಡೆಯಿಂದ 400 ಅಡಿಯೊಳಗೆ ಮರ ಕಡಿಯಬಾರದು, ಸಹಜ ನೀರಿನ ಮಟ್ಟ ಬದಲಿಸಬಾರದು. ಇವತ್ತು ನೀವು ಅಲ್ಲಿ ಹುಟ್ಟು ಹಾಕುವಾಗ ದಂಡೆಯುದ್ದಕ್ಕೂ ಮುರಿಯದ ಕಾಡು ಕಂಡರೆ, ಅದರ ಪಾಲು ಪುಣ್ಯ ಈ ಕಾಯ್ದೆಗೆ ಸೇರಬೇಕು.

ಆಮೇಲೆ ರೆಸಾರ್ಟ್‌ಗಳ ಸರದಿ. 1948ರ ಕಾಯ್ದೆಯೊಂದು ಒಳಗಿನ ಖಾಸಗಿ ಜಮೀನುಗಳನ್ನು ಕೊಂಡುಕೊಳ್ಳಲು ದುಡ್ಡು ಕೊಟ್ಟಿತು. ಮರುವರ್ಷ ವಿಮಾನದ ಆದೇಶ ಬಂತು. 1964ರಲ್ಲಿ ಇಡೀ ದೇಶಕ್ಕೆ ವೈಲ್ಡರ್‌ನೆಸ್ ಕಾಯ್ದೆ ಆಯಿತು, ಆಯ್ದ ಕಾಡುಗಳನ್ನು ರಸ್ತೆ, ಮೋಟಾರು ಇಲ್ಲದೆ ಇದ್ದಹಾಗೆ ಬಿಡುವ ಕಾನೂನು. ಈ ಕಾಡೂ ಅದರೊಳಗೆ ಸೇರಿತು, ಆದರೆ ಮೋಟಾರು ದೋಣಿಗೂ ಒಂದಷ್ಟು ಮರ ಕಡಿತಕ್ಕೂ ವಿನಾಯಿತಿ ಇಟ್ಟುಕೊಂಡು. ಅರ್ಧಂಬರ್ಧ ಕಾನೂನು, ಹಾಗಾಗಿ ಜಗಳ ನಿಲ್ಲಲಿಲ್ಲ.

1970ರ ದಶಕದ ಜಗಳವೇ ಎಲ್ಲಕ್ಕಿಂತ ಕಹಿ. ಒಂದು ಕಡೆ ಮೋಟಾರು ಬೇಡ ಅನ್ನುವವರು. ಅವರಲ್ಲಿ ಬಹಳ ಮಂದಿ ರಾಜ್ಯದ ದಕ್ಷಿಣದ ಪಟ್ಟಣಗಳವರು. ಇನ್ನೊಂದು ಕಡೆ ಈಲಿಯಂಥ ಊರುಗಳ ಜನ. ಗಣಿ ಕೆಲಸ, ಮರದ ಕೆಲಸ ಮಾಡಿ ಬದುಕಿದವರು. ಅಪ್ಪ, ಅಜ್ಜ ಮೀನು ಹಿಡಿದ ಕೆರೆಗೆ ಮೋಟಾರು ದೋಣಿಯಲ್ಲಿ ಹೋಗೋಕೂ ಸರಕಾರ ಬಿಡಲ್ವಾ ಅಂತ ಅವರ ಸಿಟ್ಟು. 1977ರಲ್ಲಿ ಈಲಿಯಲ್ಲಿ ನಡೆದ ಸಂಸತ್ ವಿಚಾರಣೆಯ ಹೊರಗೆ ಸಿಗರ್ಡ್ ಓಲ್ಸನ್ ಅವರ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಓಲ್ಸನ್ ದೇಶಕ್ಕೆಲ್ಲ ಹೆಸರಾದ ನಿಸರ್ಗ ಬರಹಗಾರ, ವಿಮಾನ ನಿಷೇಧಕ್ಕೂ ದುಡಿದವರು, ಅದೇ ಊರಿನ ನಿವಾಸಿ. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಮರ ಕಡಿಯುವುದು ನಿಂತಿತು. ಮೋಟಾರು ಕೆಲವೇ ಕೆರೆಗಳಿಗೆ ಸೀಮಿತವಾಯಿತು. ನೀರಿನ ಒಟ್ಟು ವಿಸ್ತಾರದಲ್ಲಿ ಹೆಚ್ಚುಕಡಿಮೆ ಕಾಲು ಭಾಗದಲ್ಲಿ ಮಾತ್ರ, ಅದೂ ಸಣ್ಣ ಎಂಜಿನ್.

ನನ್ನ ಅನಿಸಿಕೆ ಕೇಳಿದರೆ ಕಾಯ್ದೆ ಸರಿಯಾಗಿಯೇ ಇತ್ತು, ಆದರೆ ಈಲಿಯವರ ಸಿಟ್ಟೂ ಸುಮ್ನೆ ಬಂದದ್ದಲ್ಲ. ಮೌನದ ಬೆಲೆಯನ್ನು ದೂರದ ಊರಿನವರಿಗಿಂತ ಪಕ್ಕದ ಊರಿನವರೇ ಜಾಸ್ತಿ ತೆತ್ತರು.

ಈ ನಡುವೆ ಡೊರೊತಿ ಮೋಲ್ಟರ್ ಅವರ ಕಥೆ ಹೇಳದೆ ಮುಂದೆ ಹೋಗಲಾರೆ. ಷಿಕಾಗೋ ಕಡೆಯಿಂದ ಬಂದ ನರ್ಸ್. ನೈಫ್ ಸರೋವರದ ಪುಟ್ಟ ದ್ವೀಪವೊಂದರಲ್ಲಿ ದಶಕಗಟ್ಟಲೆ ಒಂಟಿಯಾಗಿ ಇದ್ದರು. ಹಾದುಹೋಗುವವರಿಗೆ ಸೋಡಾ ಮಾರುತ್ತಿದ್ದರು. ವಿಮಾನ ನಿಂತ ಮೇಲೆ ಸೋಡಾ ಕ್ರೇಟುಗಳು ಬರೋದೂ ನಿಂತಿತು. ಖಾಲಿ ಬಾಟಲಿ ಮಾತ್ರ ರಾಶಿ ಬಿದ್ದಿದ್ದವು. ಸರಿ, ಅವುಗಳಲ್ಲೇ ತಾವೇ ರೂಟ್ ಬಿಯರ್ ತಯಾರಿಸಿ ತುಂಬಿದರು. ಹೆಸರು ಬಿಯರ್, ಆದರೆ ಅಮಲಿಲ್ಲದ ಸಿಹಿ ಪಾನೀಯ. ಚಳಿಗಾಲದಲ್ಲಿ ಕೆರೆಯಿಂದ ಕತ್ತರಿಸಿಟ್ಟ ಮಂಜುಗಡ್ಡೆಯಲ್ಲಿ ಬಾಟಲಿ ತಣ್ಣಗಿಡುತ್ತಿದ್ದರು. ಸರಕಾರ ಅವರನ್ನೂ ಎಬ್ಬಿಸಹೊರಟಾಗ ಜನ ತಿರುಗಿಬಿದ್ದರು. ಕೊನೆಗೆ ಬದುಕಿರುವ ತನಕ ಅಲ್ಲೇ ಇರಲಿ ಅಂತ ಬಿಟ್ಟರು. 1986ರ ಡಿಸೆಂಬರಿನಲ್ಲಿ ಅವರು ತೀರಿಹೋದ ಮೇಲೆ ಗುಡಿಸಲುಗಳನ್ನು ಬಿಚ್ಚಿ ಈಲಿಗೆ ತಂದು ಮ್ಯೂಸಿಯಂ ಮಾಡಿದ್ದಾರೆ.

ಒಳಗೆ ಹೋಗುವುದು ಹೇಗೆ

ಈಗ ಇವತ್ತಿನ ವ್ಯವಸ್ಥೆಗೆ ಬರೋಣ. ಮಿನಿಯಾಪೊಲಿಸ್–ಸೇಂಟ್ ಪಾಲ್ ಕಡೆ ಸಾಕಷ್ಟು ಕನ್ನಡದ ಮನೆಗಳಿವೆ. ಅವರಿಗೆ ಈ ಕಾಡು ನಾಲ್ಕೈದು ಗಂಟೆಯ ಡ್ರೈವ್. ಆದರೆ ಶನಿವಾರ ಬೆಳಿಗ್ಗೆ ಎದ್ದು ಹೊರಟುಬಿಡೋಣ ಅಂದರೆ ಆಗೋದಿಲ್ಲ.

ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ಉಳಿಯಲು ಕೋಟಾ ಪರ್ಮಿಟ್ ಬೇಕು. ಕೋಟಾ ಇರುವುದು ಇಡೀ ಕಾಡಿಗೆ ಅಲ್ಲ, ಪ್ರವೇಶದ್ವಾರಕ್ಕೆ. ಸುತ್ತಲೂ ಹತ್ತಾರು ದ್ವಾರಗಳಿವೆ. ಒಂದೊಂದರಿಂದಲೂ ದಿನಕ್ಕೆ ಇಷ್ಟೇ ತಂಡ ಅಂತ ಲೆಕ್ಕ. ದೊಡ್ಡ ದ್ವಾರಗಳಿಗೆ ಜಾಸ್ತಿ, ಸಣ್ಣವಕ್ಕೆ ಒಂದೋ ಎರಡೋ. ಒಳಗೆ ಹೋದ ಮೇಲೆ ಎಲ್ಲಿ ಬೇಕಾದರೂ ಹೋಗಿ, ಯಾವ ಕ್ಯಾಂಪ್‌ಸೈಟ್ ಖಾಲಿ ಇದೆಯೋ ಅಲ್ಲಿ ಉಳಿಯಿರಿ, ಯಾರೂ ಕೇಳುವುದಿಲ್ಲ. ಒಂದು ತಂಡದಲ್ಲಿ 9 ಜನಕ್ಕಿಂತ, 4 ದೋಣಿಗಿಂತ ಹೆಚ್ಚು ಇರುವಂತಿಲ್ಲ. ಎರಡು ತಂಡ ಸೇರಿ ಹದಿನೈದು ಜನ ಒಟ್ಟಿಗೆ ಊಟಕ್ಕೆ ಕೂತರೂ ತಪ್ಪು.

ಈ ಲೆಕ್ಕದಲ್ಲಿ ಒಂದು ಜಾಣತನ ಇದೆ. ಬಾಗಿಲಲ್ಲಿ ಮಾತ್ರ ಎಣಿಸಿದರೆ ಸಾಕು. ಒಳಗೆ ಜನ ತಾವಾಗಿಯೇ ಚದುರುತ್ತಾರೆ, ಯಾಕೆಂದರೆ ಒಂದೊಂದು ಪೋರ್ಟೇಜೂ ಒಂದೊಂದು ಜರಡಿ. ಮೊದಲ ಕೆರೆಯಲ್ಲಿ ಹತ್ತು ದೋಣಿ ಕಂಡರೆ, ಎರಡನೆಯದರಲ್ಲಿ ಐದು, ಉದ್ದನೆಯ ಪೋರ್ಟೇಜ್ ದಾಟಿದ ಮೇಲೆ ಬಹುಶಃ ನೀವೊಬ್ಬರೇ. ಕೋವಿಡ್ ಸಮಯದಲ್ಲಿ ಜನ ಏಕಾಏಕಿ ಜಾಸ್ತಿಯಾಗಿ, ಕಸ, ಹಸಿಮರ ಕಡಿಯೋದು, ಗದ್ದಲ ಹೆಚ್ಚಿದಾಗ 2022ರಲ್ಲಿ ಕೋಟಾವನ್ನೇ ಕಡಿಮೆ ಮಾಡಿದರು. ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನಜಾತ್ರೆ ನುಗ್ಗಿದ ಮೇಲೆ ತಾನೇ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ನಿಯಮ ಬಿಗಿಯಾದದ್ದು. ಸಮಸ್ಯೆ ಎರಡೂ ಕಡೆ ಒಂದೇ.

ದೋಣಿ ಇಲ್ಲದಿದ್ದರೆ ಚಿಂತೆಯಿಲ್ಲ. ಈಲಿ, ಗ್ರ್ಯಾಂಡ್ ಮರೇ, ಟೋಫ್ಟಿ ಸುತ್ತಮುತ್ತ ಔಟ್‌ಫಿಟರ್‌ಗಳಿದ್ದಾರೆ. ದೋಣಿ, ಟೆಂಟ್, ಊಟದ ಸಾಮಾನು ಎಲ್ಲ ಬಾಡಿಗೆಗೆ ಕೊಡುತ್ತಾರೆ. ಅಲ್ಯೂಮಿನಿಯಂ ದೋಣಿ ಅಗ್ಗ, 30 ಕಿಲೋಗೂ ಮೇಲೆ ತೂಗುತ್ತದೆ. ಕೆವ್ಲಾರ್ ಅನ್ನುವ ಹಗುರ, ಗಟ್ಟಿ ನಾರಿನ ದೋಣಿ ದುಬಾರಿ, ತೂಕ ಇಪ್ಪತ್ತು ಕಿಲೋ ಆಸುಪಾಸು. ಬಂಡೆಗೆ ತಗುಲಿಸಿದರೆ ಮಾತ್ರ ಜೇಬಿಗೆ ಕತ್ತರಿ. ನನ್ನ ಮಾತು ಕೇಳುವುದಾದರೆ ಊಟದಲ್ಲಿ ಉಳಿಸಿ, ದೋಣಿಯಲ್ಲಿ ಉಳಿಸಬೇಡಿ.

ಯಾಕೆ ಅಂತ ಪೋರ್ಟೇಜಿನಲ್ಲಿ ಗೊತ್ತಾಗುತ್ತದೆ. ದೋಣಿಯನ್ನು ದಂಡೆಗೆ ಉಜ್ಜದೆ, ಮೊಣಕಾಲುದ್ದ ನೀರಿನಲ್ಲೇ ಇಳಿದು ಚೀಲಗಳನ್ನು ತೆಗೆಯಬೇಕು. ಆಮೇಲೆ ದೋಣಿಯ ಪಕ್ಕ ನಿಂತು, ಅದರ ಅಂಚು ಹಿಡಿದು ತೊಡೆಯ ಮೇಲೆ ಎಳೆದುಕೊಳ್ಳಬೇಕು. ಒಂದು ಕೈ ಆಚೆ ಅಂಚಿಗೆ, ಒಂದು ಕೈ ಈಚೆ ಅಂಚಿಗೆ. ಮೊಣಕಾಲಿನಿಂದ ಒಂದು ಎತ್ತು ಕೊಟ್ಟು, ಮೈ ತಿರುಗಿಸಿ, ದೋಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಳ್ಳಬೇಕು. ನಡುವಿನಲ್ಲಿ ಒಂದು ಅಡ್ಡಪಟ್ಟಿ ಇದೆ. ಅದಕ್ಕೆ ಎರಡು ಮೆತ್ತೆ. ಅವು ಹೆಗಲಿಗೆ ಸರಿಯಾಗಿ ಕೂತರೆ ಕೆಲಸ ಮುಗಿಯಿತು. ಈಗ ನಿಮ್ಮ ಲೋಕ ಚಿಕ್ಕದು: ನಿಮ್ಮ ಪಾದ, ಮುಂದಿನ ಎರಡು ಮೂರು ಮೀಟರು ದಾರಿ, ಬೇರು, ಕೆಸರು, ಕಲ್ಲು. ದೋಣಿಯ ಒಳಗೆ ಸೊಳ್ಳೆ ಸೇರಿಕೊಂಡಿರುತ್ತವೆ. ಮುಖಕ್ಕೆ ಕಚ್ಚುತ್ತವೆ, ಓಡಿಸೋಣ ಅಂದರೆ ಎರಡೂ ಕೈ ದೋಣಿಯ ಅಂಚಿನಲ್ಲಿ. ಇನ್ನೊಂದು ಲೆಕ್ಕವೂ ಇದೆ. ದೋಣಿ ಒಂದು ಸಲ, ಚೀಲ ಇನ್ನೊಂದು ಸಲ ಅಂತ ಹೊತ್ತರೆ, ನಡುವೆ ಖಾಲಿ ಕೈಯಲ್ಲಿ ಹಿಂದೆ ಬರಬೇಕಲ್ಲ, ಹಾಗಾಗಿ ಒಂದು ಕಿಲೋಮೀಟರಿನ ಪೋರ್ಟೇಜು ಮೂರು ಕಿಲೋಮೀಟರಿನ ನಡಿಗೆಯಾಗುತ್ತದೆ. ಎಲ್ಲರೂ ಎರಡನೇ ದಿನಕ್ಕೆ ‘ಇಷ್ಟೊಂದು ಸಾಮಾನು ಯಾಕೆ ತಂದೆವು’ ಅಂತ ಕೇಳಿಕೊಳ್ಳುವುದು ಇದಕ್ಕೇ.

ಬಿದ್ದ ಮರಗಳನ್ನು ತೆಗೆದು ಈ ದಾರಿಗಳನ್ನು ಸರಿಯಾಗಿಡುವ ರೇಂಜರುಗಳೂ ಕನೂವಿನಲ್ಲೇ ಬರುತ್ತಾರೆ. ಮೋಟಾರು ಗರಗಸ ಅವರಿಗೂ ಇಲ್ಲ. ಇಬ್ಬರು ಎರಡು ತುದಿ ಹಿಡಿದು ಎಳೆಯುವ ಹಳೇ ಕಾಲದ ಉದ್ದ ಗರಗಸದಲ್ಲೇ ಕೊಯ್ಯುತ್ತಾರೆ.

ಕ್ಯಾಂಪ್‌ಸೈಟ್ ಅಂದರೆ ಬೋರ್ಡು, ನಲ್ಲಿ, ಬೆಂಚು ಅಂತೆಲ್ಲ ಅಂದುಕೊಳ್ಳಬೇಡಿ. ಕಾಡಿನಲ್ಲಿ ಅಂಥ ಜಾಗಗಳು ಸುಮಾರು 2,000 ಇವೆ. ಪ್ರತಿಯೊಂದರಲ್ಲೂ ಸರಕಾರ ಕೊಟ್ಟಿರುವುದು ಎರಡೇ ವಸ್ತು. ಒಂದು, ಬೆಂಕಿ ಹಾಕಲು ನೆಲಕ್ಕೆ ಕೂರಿಸಿದ ಕಬ್ಬಿಣದ ಜಾಲರಿ. ಇನ್ನೊಂದು, ಹಿಂದೆ ಕಾಡಿನೊಳಗೆ ಗುಂಡಿಯ ಮೇಲೆ ಕೂರಿಸಿದ, ಶೌಚಕ್ಕೆ ಫೈಬರ್‌ಗ್ಲಾಸ್ ಪೀಠ. ಗೋಡೆ ಇಲ್ಲ, ಸೂರು ಇಲ್ಲ. ಮಳೆ ಬಂದರೆ ಕೊಡೆ ನಿಮ್ಮದು.

ಲೋಹದ ಡಬ್ಬಿ ಮತ್ತು ಗಾಜಿನ ಬಾಟಲಿಯ ಆಹಾರ, ಪಾನೀಯ ಒಳಗೆ ತರುವಂತಿಲ್ಲ. ತಂದವರು ಮೊದಲೆಲ್ಲ ಕೆರೆಗೆ ಎಸೆದದ್ದೇ ಇದಕ್ಕೆ ಕಾರಣ. ನಮ್ಮವರಿಗೆ ಇದು ತೊಂದರೆಯೇ ಅಲ್ಲ. ಅವಲಕ್ಕಿ, ರವೆ, ಚಟ್ನಿಪುಡಿ, ಎಲ್ಲ ಚೀಲದಲ್ಲಿ ಹಿಡಿಯುತ್ತವೆ. ಉಪ್ಪಿನಕಾಯಿಯನ್ನು ಮಾತ್ರ ಗಾಜಿನ ಸೀಸೆಯಿಂದ ಮತ್ತೆ ಬಳಸುವ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದುಕೊಳ್ಳಿ. ಕಪ್ಪು ಕರಡಿಗಳಿವೆ. ಹಾಗಾಗಿ ರಾತ್ರಿ ಊಟದ ಚೀಲವನ್ನು ಮರದ ಕೊಂಬೆಗೆ ಎತ್ತರದಲ್ಲಿ, ಕಾಂಡದಿಂದ ದೂರ ತೂಗುಹಾಕಬೇಕು, ಇಲ್ಲವೇ ಕರಡಿ ಒಡೆಯಲಾಗದ ಡಬ್ಬಿ ಇರಬೇಕು. ಪಾತ್ರೆ ತೊಳೆಯುವುದು ಕೆರೆಯಲ್ಲಲ್ಲ, ದಂಡೆಯಿಂದ ದೂರ ಒಯ್ದು. ಕುಡಿಯುವ ನೀರು ಕೆರೆಯದೇ, ಆದರೆ ಸೋಸಿ ಅಥವಾ ಕುದಿಸಿ. ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಇರಬಹುದು.

ಕೇಳುವುದಕ್ಕೆ ಏನಿದೆ

ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಮೌನದಲ್ಲಿ ಕೇಳುವುದು ಯಾರನ್ನು? ಮೊದಲು ಲೂನ್ ಹಕ್ಕಿಯನ್ನು. ಮಿನ್ನೆಸೋಟಾದ ರಾಜ್ಯಪಕ್ಷಿ. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ಮೇಲೆ ಚೌಕಾಬಾರದ ಮಣೆಯಂಥ ಬಿಳಿ ಚುಕ್ಕಿ. ಬಹಳಷ್ಟು ಹಕ್ಕಿಗಳ ಮೂಳೆ ಟೊಳ್ಳು, ಲೂನಿನ ಮೂಳೆಗಳು ಹೆಚ್ಚಾಗಿ ಗಟ್ಟಿ. ಅದಕ್ಕೇ ಸಲೀಸಾಗಿ ಮುಳುಗುತ್ತದೆ. ಕಾಲುಗಳು ದೇಹದ ತೀರಾ ಹಿಂದೆ ಇವೆ. ಈಜಲು ಅದ್ಭುತ, ನಡೆಯಲು ನಿಷ್ಪ್ರಯೋಜಕ. ಹಾರಬೇಕಾದರೆ ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ದೂರದವರೆಗೆ ಓಡಬೇಕು. ಹಾಗಾಗಿ ಗೂಡು ಕಟ್ಟುವುದು ನೀರಿನ ಅಂಚಿಗೇ. ಮೋಟಾರು ದೋಣಿಯ ಅಲೆ ಬಡಿದರೆ ಗೂಡು ನೆನೆದು ಮೊಟ್ಟೆ ಹೋಯಿತು. ಎಂಜಿನ್ ನಿಯಮ ಬರೀ ಮನುಷ್ಯರ ಕಿವಿಗೆ ಸಂಬಂಧಿಸಿದ್ದಲ್ಲ ಅನ್ನೋದಕ್ಕೆ ಇದೊಂದೇ ಸಾಕು.

ಲೂನಿನ ಕೂಗು ನಾಲ್ಕು ಬಗೆ. ಹೆದರಿದಾಗ ನಡುಗುವ ನಗುವಿನಂಥ ದನಿ. ಜೊತೆಗಾರ ಎಲ್ಲಿದ್ದಾನೆ ಅಂತ ಕೇಳುವ ಉದ್ದನೆಯ ಊಳು. ಹತ್ತಿರದವರ ಜೊತೆ ಆಡುವ ಸಣ್ಣ ಹೂಂಕಾರ. ಗಂಡು ಮಾತ್ರ ‘ಇದು ನನ್ನ ಜಾಗ’ ಅಂತ ಕೂಗುವ ಏರಿಳಿತದ ಕೂಗು, ಅದು ಒಂದೊಂದು ಗಂಡಿನದೂ ಬೇರೆ ಬೇರೆ. ಮೊದಲ ಸಲ ನಡುರಾತ್ರಿ ಆ ಊಳು ಕೇಳಿದವರು ತೋಳ ಅಂತ ತಿಳಿದು ಎದ್ದು ಕೂರುತ್ತಾರೆ.

ತೋಳವೂ ಇದೆ. ಅಲಾಸ್ಕಾ ಬಿಟ್ಟು ಅಮೆರಿಕದ ಹೆಚ್ಚುಕಡಿಮೆ ಎಲ್ಲ ಕಡೆ ತೋಳಗಳನ್ನು ಕೊಂದು ಮುಗಿಸಿದಾಗ, ಅವು ಉಳಿದುಕೊಂಡ ಮುಖ್ಯ ಜಾಗ ಇದೇ ಉತ್ತರ ಮಿನ್ನೆಸೋಟಾ. ನೋಡಲು ಸಿಗುವುದು ಅಪರೂಪ, ಹಾದಿಯಲ್ಲಿ ಹೆಜ್ಜೆಗುರುತು ಸಿಕ್ಕರೆ ಅದೃಷ್ಟ. ಮೂಸ್ ಅನ್ನುವ ಭಾರೀ ಜಿಂಕೆಯ ಕಥೆ ಮಾತ್ರ ಬೇಸರದ್ದು. 2006ರಲ್ಲಿ ಈಶಾನ್ಯ ಮಿನ್ನೆಸೋಟಾದಲ್ಲಿ 8,000ಕ್ಕೂ ಹೆಚ್ಚು ಇವೆ ಅಂತ ಅಂದಾಜಿತ್ತು. ಏಳೆಂಟು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಚಳಿಗಾಲ ಮೆತ್ತಗಾದಂತೆ ಬಿಳಿಬಾಲದ ಜಿಂಕೆಗಳು ಉತ್ತರಕ್ಕೆ ಬಂದವು. ಅವುಗಳ ಮೈಯಲ್ಲಿ ಒಂದು ಮಿದುಳು ಹುಳು ಇರುತ್ತದೆ. ಜಿಂಕೆಗೆ ಅದರಿಂದ ಏನೂ ಆಗುವುದಿಲ್ಲ. ಜಿಂಕೆಯ ಹಿಕ್ಕೆಯಿಂದ ಬಸವನಹುಳುವಿಗೆ, ಅಲ್ಲಿಂದ ಎಲೆ ಮೇಯುವ ಮೂಸ್‌ಗೆ ದಾಟಿದರೆ ಮೂಸ್ ದಿಕ್ಕುತಪ್ಪಿ ಸಾಯುತ್ತದೆ. ಜೊತೆಗೆ ಚಳಿಗಾಲದ ಉಣ್ಣಿ, ರಕ್ತ ಹೀರುವ ಹುಳು, ಒಂದು ಮೂಸ್ ಮೇಲೆ ಸಾವಿರಾರು. ನೀವು ಎಂಜಿನ್ನು, ಗರಗಸ, ವಿಮಾನ ಎಲ್ಲ ಹೊರಗಿಟ್ಟರೂ ಬಿಸಿಯಾಗುವ ಗಾಳಿಗೆ ಪರ್ಮಿಟ್ ಬೇಕಿಲ್ಲ ನೋಡಿ.

ಕತ್ತಲನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿದಿದ್ದಾರೆ. ಊರಿನ ದೀಪದ ಬೆಳಕು ತಲುಪದ ಜಾಗ ಅಂತ 2020ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಕತ್ತಲಾಕಾಶ ಧಾಮದ ಮನ್ನಣೆ ಸಿಕ್ಕಿತು. ಕೆಲವು ರಾತ್ರಿ ಉತ್ತರದ ಬೆಳಕು, ಅರೋರಾ, ಕೂಡ ಕಾಣುತ್ತದೆ.

ಬೆಂಕಿ ಮತ್ತು ಗಾಳಿ

ಕಾಪಾಡಿದ ಕಾಡು ಅಂದರೆ ಬದಲಾಗದ ಕಾಡು ಅಂತ ತಿಳಿಯಬಾರದು. 1999ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದ ರಜೆ, ಕಾಡಿನ ತುಂಬ ಜನ. ಮಧ್ಯಾಹ್ನ ನೇರ ಗೆರೆಯಲ್ಲಿ ಬೀಸುವ ಭಾರೀ ಬಿರುಗಾಳಿ ಹಾದುಹೋಯಿತು. ಸುಮಾರು 4,77,000 ಎಕರೆಯಲ್ಲಿ ಮರಗಳು ಉರುಳಿದವು. ಹತ್ತಾರು ಜನ ಗಾಯಗೊಂಡರು. ಬಿದ್ದ ಮರ ಒಣಗಿದರೆ ಸೌದೆ ತಾನೇ? ಮುಂದಿನ ವರ್ಷಗಳಲ್ಲಿ ಅಧಿಕಾರಿಗಳು ತಾವೇ ಹದ ನೋಡಿ ಅಲ್ಲಲ್ಲಿ ಬೆಂಕಿ ಹಾಕಿ ಆ ಸೌದೆಯನ್ನು ಕರಗಿಸಲು ಶುರು ಮಾಡಿದರು. ಆದರೂ 2007ರ ಮೇ ತಿಂಗಳಲ್ಲಿ ಹ್ಯಾಮ್ ಲೇಕ್ ಹತ್ತಿರ ಒಂದು ಕ್ಯಾಂಪ್ ಬೆಂಕಿ ಕೈತಪ್ಪಿ, ಗಡಿಯ ಎರಡೂ ಕಡೆ ಸೇರಿ ಸುಮಾರು 75,000 ಎಕರೆ ಸುಟ್ಟಿತು.

2011ರಲ್ಲಿ ಪಗಾಮಿ ಕ್ರೀಕ್ ಬೆಂಕಿ. ಆಗಸ್ಟ್ 18ರಂದು ಸಿಡಿಲಿನಿಂದ ಹುಟ್ಟಿದ್ದು. ಸಿಡಿಲಿನ ಬೆಂಕಿ ಈ ಕಾಡಿನ ಸಹಜ ಭಾಗ ಅಂತ ಮೊದಲು ಬಿಟ್ಟು ನೋಡಿದರು. ಸೆಪ್ಟೆಂಬರಿನಲ್ಲಿ ಗಾಳಿ ತಿರುಗಿ ಒಂದೇ ದಿನ ಹತ್ತಾರು ಮೈಲಿ ಓಡಿತು. ಜನರನ್ನು ಹೊರಗೆ ಕಳಿಸಲು ಹೋಗಿದ್ದ ಕೆಲವು ಸಿಬ್ಬಂದಿ ನೀರಿಗೆ ಇಳಿದು, ಬೆಂಕಿ ತಡೆಯುವ ಹೊದಿಕೆಯ ಅಡಿ ಅಡಗಿ ಪಾರಾದರು. ಒಟ್ಟು 92,000 ಎಕರೆಯಷ್ಟು ಸುಟ್ಟಿತು. ಬಿಟ್ಟು ನೋಡಿದ್ದು ಸರಿಯಾ ಅನ್ನುವ ವಾದ ಆಗಲೇ ಶುರುವಾಯಿತು. ಸುಲಭದ ಉತ್ತರ ಇಲ್ಲ. ಜ್ಯಾಕ್ ಪೈನ್ ಮರದ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿರುತ್ತವೆ. ಬೆಂಕಿಯ ಬಿಸಿ ತಾಗಿದರೇ ಅಂಟು ಕರಗಿ ಬೀಜ ಉದುರುವುದು. ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೆ ಆ ಮರವೇ ಕ್ರಮೇಣ ಹಿಂದೆ ಸರಿಯುತ್ತದೆ.

ಇನ್ನೂ ಮುಗಿಯದ ತಕರಾರು

1854ರ ಒಪ್ಪಂದದಲ್ಲಿ ಓಜಿಬ್ವೆ ಜನ ಈ ಭೂಮಿಯನ್ನು ಅಮೆರಿಕ ಸರಕಾರಕ್ಕೆ ಬಿಟ್ಟುಕೊಟ್ಟರು. ಬೇಟೆ ಮತ್ತು ಮೀನಿನ ಹಕ್ಕನ್ನು ಮಾತ್ರ ಬಿಡಲಿಲ್ಲ. ಗ್ರ್ಯಾಂಡ್ ಪೋರ್ಟೇಜ್, ಫಾನ್ ಡು ಲ್ಯಾಕ್, ಬೋಯಿಸ್ ಫೋರ್ಟ್ ಬಣಗಳು ಇವತ್ತಿಗೂ ಆ ಹಕ್ಕನ್ನು ಚಲಾಯಿಸುತ್ತವೆ. ಅವರಿಗೆ ಮುಖ್ಯವಾದದ್ದು ಮನೂಮಿನ್, ಆಳವಿಲ್ಲದ ನೀರಿನಲ್ಲಿ ತಾನಾಗಿ ಬೆಳೆಯುವ ಕಾಡು ಧಾನ್ಯ. ಕನೂವಿನಲ್ಲಿ ಒಬ್ಬರು ದೋಣಿ ತಳ್ಳುತ್ತಾ, ಇನ್ನೊಬ್ಬರು ಎರಡು ಕೋಲಿನಿಂದ ತೆನೆ ಬಗ್ಗಿಸಿ ತಟ್ಟುತ್ತಾ ಕಾಳು ಉದುರಿಸಿಕೊಳ್ಳುತ್ತಾರೆ. ನೀರಿನ ಮಟ್ಟ ಸ್ವಲ್ಪ ಏರಿದರೂ, ಗಂಧಕದ ಅಂಶ ಹೆಚ್ಚಿದರೂ ಅದು ಸೊರಗುತ್ತದೆ.

ಗಣಿಯ ತಕರಾರು ಇಲ್ಲಿಗೇ ಬಂದು ಸೇರುತ್ತದೆ. ಕಾಡಿನ ಗೆರೆಯ ಹೊರಗೆ, ಈಲಿಯ ಹತ್ತಿರ ನೆಲದಡಿ ತಾಮ್ರ ಮತ್ತು ನಿಕ್ಕಲ್ ಇದೆ. ಎರಡೂ ಬ್ಯಾಟರಿಗೆ, ವಿದ್ಯುತ್ ತಂತಿಗೆ ಬೇಕಾದ ಲೋಹ. ಆದರೆ ಅದಿರು ಗಂಧಕ ಬೆರೆತದ್ದು. ಅಗೆದು ಹೊರಗೆ ಹಾಕಿದ ಕಲ್ಲಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಅಲ್ಲಿನ ನೀರು ಹರಿಯುವುದು ಉತ್ತರಕ್ಕೆ, ನೇರ ಬೌಂಡರಿ ವಾಟರ್ಸ್ ಒಳಕ್ಕೆ. 2023ರಲ್ಲಿ ಕೇಂದ್ರ ಸರಕಾರ ಆ ಜಲಾನಯನದ 2,25,000 ಎಕರೆಗೂ ಹೆಚ್ಚು ಜಾಗದಲ್ಲಿ ಹೊಸ ಗಣಿ ಗುತ್ತಿಗೆಗಳಿಗೆ 20 ವರ್ಷದ ತಡೆ ಹಾಕಿತು. ಅದನ್ನು ತೆಗೆಸುವ ರಾಜಕೀಯ ಪ್ರಯತ್ನಗಳೂ ಬೆನ್ನಿಗೇ ಶುರುವಾದವು. ವಾದಿಸುವ ಊರುಗಳು ಅವೇ: ಕೆಲಸ ಬೇಕು ಅನ್ನುವವರು, ನೀರು ಬೇಕು ಅನ್ನುವವರು. ಒಮ್ಮೊಮ್ಮೆ ಒಂದೇ ಮನೆಯಲ್ಲಿ ಇಬ್ಬರೂ ಇರುತ್ತಾರೆ.

ಯಾವಾಗ ಹೋಗಬೇಕು

ಮೇ ತಿಂಗಳಲ್ಲಿ ಮಂಜು ಕರಗಿರುತ್ತದೆ, ಮೀನು ಚೆನ್ನಾಗಿ ಸಿಗುತ್ತದೆ, ಆದರೆ ದೋಣಿ ಮಗುಚಿದರೆ ನೀರಿನ ಚಳಿಯೇ ಪ್ರಾಣಕ್ಕೆ ಕುತ್ತು. ಲೈಫ್ ಜಾಕೆಟ್ ಚೀಲದಲ್ಲಲ್ಲ, ಮೈಮೇಲೆ ಇರಬೇಕು. ಜೂನ್ ಕಪ್ಪುನೊಣ ಮತ್ತು ಸೊಳ್ಳೆಗಳದ್ದು. ಜುಲೈ, ಆಗಸ್ಟ್ ಬೆಚ್ಚಗೆ, ಜನವೂ ಜಾಸ್ತಿ. ಮಕ್ಕಳೊಂದಿಗೆ ಮೊದಲ ಸಲ ಹೋಗುವವರಿಗೆ ಆಗಸ್ಟ್ ಕೊನೆ ಒಳ್ಳೆಯದು. ಎರಡೇ ಸಣ್ಣ ಪೋರ್ಟೇಜ್ ಇರುವ ದಾರಿ ಆರಿಸಿ ಒಂದೇ ಕ್ಯಾಂಪ್‌ಸೈಟಿನಲ್ಲಿ ಉಳಿದುಬಿಡಿ. ಸೆಪ್ಟೆಂಬರಿನಲ್ಲಿ ಸೊಳ್ಳೆ ಇಲ್ಲ, ಬರ್ಚ್ ಮತ್ತು ಆಸ್ಪೆನ್ ಎಲೆ ಹಳದಿಯಾಗಿರುತ್ತದೆ. ನನ್ನ ಓಟು ಸೆಪ್ಟೆಂಬರಿಗೆ. ಬುಕಿಂಗ್ ಜನವರಿ ಕೊನೆಯಲ್ಲಿ ತೆರೆಯುತ್ತದೆ. ಹೆಸರಾದ ದ್ವಾರಗಳ ಒಳ್ಳೆಯ ದಿನಾಂಕಗಳು ಬೇಗ ಖಾಲಿಯಾಗುತ್ತವೆ.

ಚಳಿಗಾಲಕ್ಕೆ ಕೋಟಾ ಇಲ್ಲ. ದ್ವಾರದ ಬಳಿ ಪೆಟ್ಟಿಗೆಯಲ್ಲಿರುವ ಫಾರಂ ತಾವೇ ತುಂಬಿ ಹೋಗಬಹುದು. ಹೆಪ್ಪುಗಟ್ಟಿದ ಕೆರೆಗಳ ಮೇಲೆ ಸ್ಕೀ, ಹಿಮದ ಬೂಟು, ನಾಯಿ ಎಳೆಯುವ ಜಾರುಬಂಡಿ ಎಲ್ಲಕ್ಕೂ ಅವಕಾಶವಿದೆ. ಪಕ್ಕದ ಟವರ್ ಊರಿನ ಬಳಿ 1996ರ ಫೆಬ್ರವರಿ 2ರಂದು ಉಷ್ಣತೆ ಮೈನಸ್ 51 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು, ಅದು ರಾಜ್ಯದ ದಾಖಲೆ. ಆ ತಿಂಗಳುಗಳಲ್ಲಿ ಯಾರೂ ಪರ್ಮಿಟ್‌ಗೆ ಕ್ಯೂ ನಿಲ್ಲುವುದಿಲ್ಲ.